ಭಟ್ಟಿ

ಕಾಲೇಜಿನ ಹಳೇ ಟೈಪಿಂಗ್ ಕೋಣೆ ಈಗ ದಾಖಲೆ ಕೋಣೆ.
ಕಬ್ಬಿಣದ ಬೀರುವಿನಲ್ಲಿ ನುಸಿಗುಳಿಗೆ, ಮೂರು ಹಾರ್ಡ್‌ಡಿಸ್ಕು,
ಒಂದೊಂದರಲ್ಲೂ ಅದೇ ನಲವತ್ತೊಂದು ಮಂದಿ.
"ಒಂದು ಸತ್ರೆ ಎರಡಿರ್ತಾವೆ" ಅಂತಾನೆ ತಿಪ್ಪೇಶ.
ಅವನು ಹೇಳುವುದು ಡಿಸ್ಕಿನ ವಿಷಯ.
ನಲವತ್ತೊಂದರಲ್ಲಿ ಮೂವತ್ತೆಂಟು ಮಂದಿ ಈಗಿಲ್ಲ.

"ದಾವಣಗೆರೆಗೆ ಯಾಕ್ರೀ ಇದು?" ಎಂದಿದ್ದರು ಪ್ರಿನ್ಸಿಪಾಲರು,
ಸಹಿ ಹಾಕುತ್ತಲೇ.

ನನ್ನ ಪಾಲಿಗೆ ಬಂದದ್ದು ಗಿಟ್ಟೆಲ್ ಅಜ್ಜಿ.
ಎರಡು ಗಂಟೆ ಹದಿನಾರು ನಿಮಿಷ, ಹಂಗೇರಿಯ ಭಾಷೆ,
ಜೊತೆಗೆ ಯಾರೋ ಮಾಡಿಟ್ಟ ಇಂಗ್ಲಿಷ್ ಪ್ರತಿ.
ಪರದೆಯಡಿ ಎರಡೇ ಸಾಲು,
ಬಿ.ಎಡ್. ಹುಡುಗರು ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು.
ಅವಳು ಸುಮ್ಮನಾದಲ್ಲಿ ನನಗೆ ಕೆಲಸವಿಲ್ಲ.
ಒಮ್ಮೆ ಐವತ್ತು ಸೆಕೆಂಡು ನನಗೆ ಕೆಲಸವಿರಲಿಲ್ಲ;
ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಸಿಕ್ಕಿಕೊಂಡದ್ದು ನೂರ ಹನ್ನೊಂದನೇ ನಿಮಿಷಕ್ಕೆ.
ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಪದ. ಕನ್ನಡಕ್ಕೆ?
ಚಿತಾಗಾರ ಅಂದರೆ ಪಾಲಿಕೆಯ ರಸೀದಿ,
ಹೆಸರು, ತಂದೆಯ ಹೆಸರು, ವಯಸ್ಸು.
ಸುಡುಗಾಡು ಅಂದರೆ ಹೊತ್ತು ತಂದವರುಂಟು, ಅತ್ತವರುಂಟು,
ಒಬ್ಬನಾದರೂ ಮಡಕೆ ಹೊತ್ತು ಮೂರು ಸುತ್ತು ಬಂದಿರುತ್ತಾನೆ.
(ನಾವು ಹೂಳುವ ಜನ. ಅವರೂ ಅಂತೆ.)
ಕುಲುಮೆಯಲ್ಲಿ ಕುಡುಗೋಲಿದೆ.
ಒಲೆ, ಬೇಡ, ಅದರ ಮುಂದೆ ಅಮ್ಮ ಕೂತಿದ್ದಾಳೆ.
ಯಾವ ಪದದ ಕದ ತಟ್ಟಿದರೂ ಒಳಗೆ ಯಾರೋ ಇದ್ದಾರೆ.
ನನಗೊಂದು ಖಾಲಿ ಪದ ಬೇಕಿತ್ತು.

ಭಟ್ಟಿ ಎಂದು ಹೊಳೆದಿತ್ತು, ಹೊಳೆದ ಕೂಡಲೇ ನಾಚಿಕೆಯಾಗಿತ್ತು.
ಭಟ್ಟಿ ನಮ್ಮ ಅನ್ನ.
ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಎರಡಕ್ಕೂ ಒಂದೇ ಭಟ್ಟಿ.
ಅಬ್ಬಾ ಮೂವತ್ತೊಂಬತ್ತು ವರ್ಷ ಕಾದ ಮರಳಿಗೆ ಅಕ್ಕಿ ಸುರಿದು
ಮಂಡಕ್ಕಿ ಅರಳಿಸಿದವನು; ಸುಟ್ಟ ಹುಬ್ಬು ಮತ್ತೆ ಬರಲೇ ಇಲ್ಲ.
ಹೊಟ್ಟಿನ ಮಸಿ ಓಣಿಯ ತಂತಿಗಳ ಮೇಲೆ ಇಳಿಯುತ್ತಿತ್ತು,
ಅಮ್ಮ ಬಿಳಿ ಬಟ್ಟೆಯನ್ನೆಲ್ಲ ಒಳಗೇ ಒಣಹಾಕುತ್ತಿದ್ದಳು.
ನನ್ನ ಫೀಸು, ಈ ಇಂಗ್ಲಿಷು, ಆ ಹೊಗೆಯಲ್ಲೇ ಬಂದದ್ದು.
ಅದನ್ನು ತೆಗೆದು ಅಲ್ಲಿಡಲೆ?

ಮನೆಗೆ ತಂದು ಮತ್ತೆ ಮೊದಲಿನಿಂದ ಹಾಕಿದೆ.
ಅಬ್ಬಾ ಪಕ್ಕಕ್ಕೆ ಬಂದು ಕೂತ.
ಇಂಗ್ಲಿಷೂ ಬಾರದು, ಹಂಗೇರಿ ಯಾವ ದಿಕ್ಕೋ ಗೊತ್ತಿಲ್ಲ.
ಮರಳಿನ ಸದ್ದು ಕೇಳಿಯೇ ಹದ ಹೇಳುತ್ತಿದ್ದ ಕಿವಿ.
ಬೀಡಿ ಆರಿತ್ತು, ಹಾಗೇ ಹಿಡಿದುಕೊಂಡಿದ್ದ.
ನೂರ ಹನ್ನೊಂದಕ್ಕೆ ಕೈ ಎತ್ತಿದ:
"ನಿಲ್ಸು. ಕೆಮೆಂತ್ಸೆ ಅಂದ್ಲಲ್ಲ ಈಗ,
ಮೊದ್ಲೂ ಅಂದಿದ್ಲು ನೋಡಮ್ಮ. ಆವಾಗ ನಗ್ತಿದ್ಲು."

ಹಿಂದೆ ಹೋದೆವು. ನಾಲ್ಕನೇ ನಿಮಿಷ.
ಅವಳಪ್ಪ ಬ್ರೆಡ್ಡು ಬೇಯಿಸುವವನು, ನಸುಕಿನ ಮೂರಕ್ಕೇ ಏಳುವವನು.
ಚಳಿಗಾಲದಲ್ಲಿ ಅವಳು ಕೆಮೆಂತ್ಸೆಯ ಬಾಯಿಗೆ ಬೆನ್ನು ಕೊಟ್ಟು
ಕೂದಲು ಒಣಗಿಸಿಕೊಳ್ಳುತ್ತಿದ್ದಳು.
ಇಂಗ್ಲಿಷ್ ಪ್ರತಿಯಲ್ಲಿ ಅಲ್ಲೊಂದು ಪದ, ಇಲ್ಲೊಂದು ಪದ.
ಅವಳ ಬಾಯಲ್ಲಿ ಎರಡೂ ಕಡೆ ಅದೇ.
ಅವಳಿಗೂ ಬೇರೆ ಸಿಕ್ಕಿರಲಿಲ್ಲ.
ಅಥವಾ ಹುಡುಕಿರಲೇ ಇಲ್ಲ.

ಅಬ್ಬಾ ಏನೆಂದು ಕೇಳಲಿಲ್ಲ, ನಾನೇ ಹೇಳಿದೆ.
ಎದ್ದು ಹೋಗಿ ಕೈ ತೊಳೆದುಕೊಂಡ.
ಊಟಕ್ಕಿನ್ನೂ ಹೊತ್ತಿತ್ತು.

ನಾಲ್ಕನೇ ನಿಮಿಷಕ್ಕೆ ಬರೆದೆ: ಭಟ್ಟಿ.
ನೂರ ಹನ್ನೊಂದಕ್ಕೂ.

ಮೂರು ಡಿಸ್ಕಿಗೂ ಏರಿಸುವ ಮುಂಚೆ ತಿಪ್ಪೇಶ ತಡೆದ:
"ಮೇಡಂ, ಶುರುವಲ್ಲೇ ಭಟ್ಟಿ ಅಂತ ಓದಿದ್ರೆ
ನಮ್ ಹುಡುಗ್ರು ಮಂಡಕ್ಕಿ ಅಂದ್ಕೊಂತಾರೆ."

ಅಂದುಕೊಳ್ಳಲಿ, ಅಂದೆ.
ಒಂದು ಗಂಟೆ ನಲವತ್ತೇಳು ನಿಮಿಷ
ಹಾಗೇ ಅಂದುಕೊಂಡಿರಲಿ.